ಮೊದಲ ಪ್ರಶ್ನೆ ವಯಸ್ಸು

2025ರ ಜುಲೈ ಮೊದಲ ವಾರ, ಪಿಎಚ್‌.ಡಿ. ಅಧ್ಯಾಯವೊಂದನ್ನು ಅರ್ಧಕ್ಕೆ ಬಿಟ್ಟು ರಾಮನಾಥಪುರಕ್ಕೆ ಬಂದೆ. ಮಳೆ, ಹೊಗೆಸೊಪ್ಪಿನ ಮಾತಿರಬೇಕಾದ ಹೊತ್ತಿನಲ್ಲಿ ಊರಿನ ಬಾಯಲ್ಲೆಲ್ಲ ಹಾರ್ಟ್ ಅಟ್ಯಾಕ್. ಹಾಸನ ಜಿಲ್ಲೆಯಲ್ಲಿ ನಲವತ್ತು ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಸಾವು ಎಂದು ಟಿವಿ ಎಣಿಸುತ್ತಿತ್ತು. ಮೈಸೂರಿನ ಜಯದೇವದ ಮುಂದೆ ಉದ್ದನೆಯ ಸಾಲು.

“ನೀನೂ ಒಂದ್ಸಲ ತೋರಿಸ್ಕೊಂಡು ಬಾರೋ” ಎಂದರು ಅಮ್ಮ.

ಹತ್ತಿರದಲ್ಲೇ ತಪಾಸಣೆ ನಡೆಯುತ್ತಿದ್ದ ಕಡೆ ಹೋದೆ. ಮೊದಲ ಪ್ರಶ್ನೆ ವಯಸ್ಸು. ಇಪ್ಪತ್ತೆಂಟು ಅಂದೆ. “ಮೂವತ್ತಾದ ಮೇಲೆ ಬನ್ನಿ.” ಅವರ ತಪ್ಪೇನಿಲ್ಲ; ಬಿಪಿ, ಶುಗರ್ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮ ಗೆರೆ ಎಳೆದಿರುವುದೇ 30ಕ್ಕೆ. ಅಷ್ಟರಲ್ಲಿ ಡಾ. ಕೆ.ಎಸ್. ರವೀಂದ್ರನಾಥ್ ಸಮಿತಿಯ ವರದಿ ಬಂತು. ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು. ಆ 24 ಜನರಲ್ಲಿ 14 ಮಂದಿ 45ರ ಒಳಗಿನವರು. ಶಾಲಾಮಕ್ಕಳಿಗೆ 15ನೇ ವಯಸ್ಸಿಗೆ ತಪಾಸಣೆಯ ಮಾತೂ ಬಂತು. ಹದಿನೈದಕ್ಕೊಮ್ಮೆ, ಮತ್ತೆ ಮೂವತ್ತಕ್ಕೆ. ನಡುವೆ ಇರುವ ನಾವು ಗಟ್ಟಿಮುಟ್ಟು ಅಂದುಕೊಂಡಿರಬೇಕು!

ಗೆರೆ ಎಲ್ಲೋ ಒಂದು ಕಡೆ ಎಳೆಯಲೇಬೇಕು, ಒಪ್ಪುತ್ತೇನೆ. ಎಲ್ಲರಿಗೂ ಇಸಿಜಿ ಮಾಡುತ್ತಾ ಹೋದರೆ ಆರೋಗ್ಯವಂತರೂ ಸುಮ್ಮನೆ ಹೆದರಿ ಅಲೆಯಬೇಕಾಗುತ್ತದೆ. 35 ದಾಟಿದವರ ಹಠಾತ್ ಸಾವಿಗೆ ಹೆಚ್ಚಾಗಿ ಕಾರಣ ರಕ್ತನಾಳ ಕಟ್ಟಿಕೊಳ್ಳುವುದು. ಅದಕ್ಕಿಂತ ಚಿಕ್ಕವರಲ್ಲಿ ವಂಶದಿಂದ ಬಂದ ಸ್ನಾಯುವಿನ, ಬಡಿತದ ದೋಷಗಳನ್ನೂ ಹುಡುಕಬೇಕು.

ಕೊನೆಗೊಬ್ಬ ಡಾಕ್ಟರ್ ಬೇರೆ ಪ್ರಶ್ನೆ ಕೇಳಿದರು: “ಮನೇಲಿ ಯಾರಾದರೂ ಚಿಕ್ಕ ವಯಸ್ಸಲ್ಲಿ ದಿಢೀರ್ ಅಂತ ಹೋಗಿದ್ದಾರಾ?”

ಚಿಕ್ಕಪ್ಪ. ಮೂವತ್ತೆರಡು ವರ್ಷ. ಹತ್ತು ವರ್ಷದ ಹಿಂದೆ, ರಾತ್ರಿ ಬ್ಯಾರನ್‌ಗೆ ಸೌದೆ ಹಾಕುತ್ತಿದ್ದವರು ಅಲ್ಲೇ ಕುಸಿದರು. ಹೊಗೆ ಕುಡಿದು ಅಂದರು ಕೆಲವರು, ಗಾಳಿ ಸೋಕಿ ಅಂದರು ಕೆಲವರು. ಮಗನ ಮೈ ಕೊಯ್ಯಿಸೋದು ಬೇಡ ಎಂದು ತಾತ ಹಟ ಹಿಡಿದರು. ಮಾರನೆಯ ದಿನ ಹೊಳೆದಂಡೆಯಲ್ಲಿ ಎಲ್ಲ ಮುಗಿಯಿತು. ಆಸ್ಪತ್ರೆಯ ಹೊರಗಿನ ಇಂಥ ಸಾವುಗಳಿಗೆ ಮರಣೋತ್ತರ ಪರೀಕ್ಷೆ ಆಗಬೇಕೆಂದು ಸರ್ಕಾರ ಹೇಳಿರುವುದು ಈಗ.

“ನಿಮಗಿಂತ ಮೊದಲು ನಿಮ್ಮ ತಂದೇನ, ಅವರ ಮಗನ್ನ ನೋಡಬೇಕು” ಎಂದರು ಡಾಕ್ಟರ್. ಹುಡುಗನಿಗೆ ಹದಿಮೂರು, ಕಬಡ್ಡಿ ಹುಚ್ಚು. ಇಸಿಜಿ, ಎಕೋ ಎರಡೂ ಮಾಡಿಸಬೇಕು. ಈಗ ಸರಿಯಿದೆ ಅಂದರೂ ಮತ್ತೆ ಮತ್ತೆ ತೋರಿಸುತ್ತಿರಬೇಕು, ಸ್ನಾಯು ದಪ್ಪಗಾಗುವ ಕಾಯಿಲೆ ದೊಡ್ಡವನಾದ ಮೇಲೂ ಕಾಣಿಸಿಕೊಳ್ಳಬಹುದಂತೆ.

“ನನ್ನ ಮಗನಿಗೇನಾಗಿದೆ?” ಎಂದರು ಚಿಕ್ಕಮ್ಮ. ಎರಡು ದಿನ ನನ್ನ ಜೊತೆ ಮಾತಿಲ್ಲ. ಮೂರನೆಯ ಬೆಳಿಗ್ಗೆ ಅಪ್ಪನೂ ನಾನೂ ಮೈಸೂರು ಬಸ್ಸಿಗೆ ನಿಂತಿದ್ದಾಗ ಮಗನ ಕೈ ಹಿಡಿದು ಬಂದರು. ಚೀಲದಲ್ಲಿ ಬುತ್ತಿಯ ಜೊತೆ ಚಿಕ್ಕಪ್ಪನ ಮರಣ ಪ್ರಮಾಣಪತ್ರ. ಅದರಲ್ಲಿ ಹೆಸರಿದೆ, ತಾರೀಕಿದೆ.

“ಇದು ಸಾಕೇನಪ್ಪಾ?” ಎಂದು ಕೇಳಿದರು.