ಆಗುಂಬೆಯ ಮಳೆ, ಹಾರುವ ಕಪ್ಪೆ ಮತ್ತು ನನ್ನ ಕ್ಯಾಮೆರಾ

ಜುಲೈ ತಿಂಗಳ ಒಂದು ಶನಿವಾರ. ಬೆಂಗಳೂರಿನಿಂದ ರಾತ್ರಿ ಬಸ್ ಹತ್ತಿ, ತೀರ್ಥಹಳ್ಳಿಯಲ್ಲಿ ಇಳಿದು ಆಗುಂಬೆ ಸೇರುವಷ್ಟರಲ್ಲಿ ನನ್ನ ಛತ್ರಿ, ಜಾಕೆಟ್ಟು ಎರಡೂ ಮಳೆಗೆ ಸೋತಿದ್ದವು. ‘ಮಾಲ್ಗುಡಿ ಡೇಸ್’ ಚಿತ್ರೀಕರಣವಾದ ಊರು ಅಂತ ಜನ ಇಲ್ಲಿಗೆ ಬರ್ತಾರೆ. ನಾನು ಹೋಗಿದ್ದು ಒಂದು ಕಪ್ಪೆಗಾಗಿ. ಮಲಬಾರ್ ಹಾರುವ ಕಪ್ಪೆ! ಎಲೆಹಸಿರು ಮೈ, ಬೆರಳುಗಳ ನಡುವೆ ಕಿತ್ತಳೆಗೆಂಪು ಪೊರೆ. ಆ ಪೊರೆಯನ್ನು ಅಗಲಿಸಿ ಅದು ಮರದಿಂದ ತೇಲುತ್ತಾ ಇಳಿಯುತ್ತದೆ.

ರಾತ್ರಿ ಊಟ ಮುಗಿಸಿ, ಹೋಮ್‌ಸ್ಟೇ ಯಜಮಾನರ ಹಿಂದೆ ಟಾರ್ಚ್ ಹಿಡಿದು ಹೊರಟೆ. ಕಾಲಿಗೆ ಇಂಬಳ, ಕಿವಿಗೆ ಜೀರುಂಡೆ. ನೀರು ನಿಂತ ಹೊಂಡದ ಪಕ್ಕದ ಗಿಡದಲ್ಲಿ ಕಪ್ಪೆ ಕೂತಿತ್ತು.

ಮೊದಲ ಹತ್ತು ಫೋಟೋ ದಂಡ. ಸುತ್ತಲೂ ಕತ್ತಲಿದ್ದದ್ದರಿಂದ ಕ್ಯಾಮೆರಾ ಇಡೀ ದೃಶ್ಯವನ್ನು ಬೆಳಗಿಸಲು ಹೋಗಿ, ಒದ್ದೆ ಮೈಯ ಹಸಿರನ್ನೆಲ್ಲ ಬಿಳಿ ಮಾಡಿಬಿಟ್ಟಿತ್ತು. ಆಟೋ ಬಿಟ್ಟು ಮ್ಯಾನುಯಲ್‌ಗೆ ಬಂದೆ: ಶಟರ್ 1/200, ಅಪರ್ಚರ್ ಎಫ್8, ಐಎಸ್‌ಒ 400. ಫ್ಲ್ಯಾಶ್‌ನ ಶಕ್ತಿ ಇಳಿಸಿ, ಮುಂದೆ ಡಿಫ್ಯೂಸರ್ ಕಟ್ಟಿದೆ. ಹಸಿರು ವಾಪಸ್ ಬಂತು.

ಆದರೆ ಮೂಗು ಚೂಪಾಗಿ ಬಂದರೆ ಕಣ್ಣು ಮಸುಕು. ಇಷ್ಟು ಹತ್ತಿರದಿಂದ ತೆಗೆಯುವಾಗ ಫೋಕಸ್ ಇರುವುದು ಕೆಲವೇ ಮಿಲಿಮೀಟರ್ ಜಾಗದಲ್ಲಿ. ಹಾಗಾಗಿ ಆಟೋಫೋಕಸ್ ಆಫ್ ಮಾಡಿ, ಉಸಿರು ಬಿಗಿಹಿಡಿದು, ನಾನೇ ಕೂದಲೆಳೆಯಷ್ಟು ಹಿಂದೆ ಮುಂದೆ ವಾಲಿ ಕಣ್ಣು ಸ್ಪಷ್ಟವಾದ ಕ್ಷಣ ಕ್ಲಿಕ್ಕಿಸಬೇಕು. ಪಕ್ಕದಿಂದ, ಅದರ ಮೈಗೆ ಸಮಾನಾಂತರವಾಗಿ ನಿಂತರೆ ಇನ್ನೂ ಹೆಚ್ಚು ಭಾಗ ಫೋಕಸ್‌ನಲ್ಲಿ ಸಿಗುತ್ತದೆ.

ಪಕ್ಕಕ್ಕೆ ಹೋದರೆ ಎಲೆ ಅಡ್ಡ. ಕೊಂಬೆ ಹಿಡಿದು ಸ್ವಲ್ಪ ಬಗ್ಗಿಸಿದೆ ಅಷ್ಟೇ.

“ಅಯ್ಯೋ, ಬಿಡಿ ಮಾರಾಯ್ರೆ! ಮೇಲೆ ನೋಡಿ ಒಂಚೂರು.”

ಅದೇ ಕೊಂಬೆಯ ತುದಿಯಲ್ಲಿ, ಎಲೆಗಳ ನಡುವೆ, ಸೋಪಿನ ನೊರೆಯಂಥ ಬಿಳಿ ಉಂಡೆ. ಕಪ್ಪೆಯ ಗೂಡು. ಮೊಟ್ಟೆ ಒಡೆದಾಗ ಮರಿಗಳು ಕೆಳಗಿನ ನೀರಿಗೇ ಉದುರಬೇಕು. ಅದಕ್ಕೇ ತಾಯಿ ಹುಡುಕಿ ಆ ಜಾಗ ಆರಿಸಿದ್ದಳು. ಕೊಂಬೆ ಮುರಿದಿದ್ದರೆ ಅಷ್ಟೂ ಜೀವ ಕೆಸರಿಗೆ. ಮೆಲ್ಲಗೆ ಕೈ ಬಿಟ್ಟೆ. ಮುಖ ಸಪ್ಪಗಾಯಿತು.

“ಬೇಜಾರು ಮಾಡ್ಕೋಬೇಡಿ, ನೀವೇ ಬಗ್ಗಿ” ಅಂದರು ಅವರು, ನಗುತ್ತಾ.

ಬಗ್ಗಿದೆ. ಮಂಡಿ ಕೆಸರಲ್ಲಿ ಹೂತಿತು. ಮೂರೇ ಫೋಟೋ ತೆಗೆದು ಫ್ಲ್ಯಾಶ್ ಆರಿಸಿದೆ. ಒಂದರಲ್ಲಿ ಕಣ್ಣು ಫಳಫಳ; ಹಿಂಗಾಲು ಮಾತ್ರ ಎಲೆಯ ಮರೆಯಲ್ಲಿ. ಇರಲಿ ಬಿಡಿ.

ನಿಮ್ಮ ಹತ್ತಿರ ಮೊಬೈಲ್ ಮಾತ್ರ ಇದೆಯಾ? ಪರದೆ ಮೇಲೆ ಪ್ರಾಣಿಯ ಕಣ್ಣನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕು ಸ್ವಲ್ಪ ಇಳಿಸಿ. ಮತ್ತೆ, ಸೊಳ್ಳೆ ಕ್ರೀಮ್ ಹಚ್ಚಿದ ಕೈಯಲ್ಲಿ ಕಪ್ಪೆ ಮುಟ್ಟಲೇಬೇಡಿ; ಅದರ ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತದೆ.