ಕಾಕಾನ ಪಾಸ್‌ವರ್ಡ್ ಸರಿಯೇ ಇತ್ತು

2022ರ ಜೂನ್. ರಜೆಗೆ ಭಾತಂಬ್ರಾಕ್ಕೆ ಹೋಗಿದ್ದೆ. ಬ್ಯಾಗ್ ಇಳಿಸೋದೇ ತಡ, ಕಾಕಾ ತನ್ನ ಝೆರಾಕ್ಸ್ ಅಂಗಡಿಗೆ ಕರೆದ.

"ತಮ್ಮಾ, ನೀ ಇಂಜಿನಿಯರಿಂಗ್ ಓದ್ಲಕತ್ತಿ. ಇದು ಮೂರ್ ದಿನದಿಂದ ಬರೇ ಪಾಸ್‌ವರ್ಡ್ ಕೇಳ್ಲಕತ್ತದ, ನೋಡು."

'ಇದು' ಅಂದರೆ ಹಳೆಯ ಕಂಪ್ಯೂಟರಿನ ಥಂಡರ್‌ಬರ್ಡ್. ಪ್ರಿಂಟ್ ಬೇಕಾದವರು ಅಂಗಡಿಯ ಜಿಮೇಲ್‌ಗೆ ಫೈಲ್ ಕಳಿಸುತ್ತಾರೆ; ಕಾಕಾ ಅದರಲ್ಲೇ ತೆಗೆಯುತ್ತಾನೆ. ಆವತ್ತು ಕಾಲೇಜ್ ಅಡ್ಮಿಷನ್‌ಗೆ ಕಾಗದ ಬೇಕಿದ್ದ ಹುಡುಗಿ, ಅವಳಪ್ಪ ಕಾಯುತ್ತಿದ್ದರು.

"ನೀ ತಪ್ಪ್ ಟೈಪ್ ಮಾಡಿರ್ತಿ ಕಾಕಾ" ಅಂದೆ, ಎಲ್ಲರ ಮುಂದೆ. ಆತ ಸುಮ್ಮನೆ ಡೈರಿ ತೆಗೆದು ಮುಂದಿಟ್ಟ. ಒಂದೊಂದೇ ಅಕ್ಷರ ನೋಡಿ ಹೊಡೆದೆ. ಮತ್ತದೇ ಡಬ್ಬಿ. ಅದೇ ಪಾಸ್‌ವರ್ಡನ್ನು ಬ್ರೌಸರ್‌ನಲ್ಲಿ ಹಾಕಿದರೆ ಮೇಲ್ ತೆರೆದುಕೊಂಡಿತು! ಹುಡುಗಿಗೆ ಪ್ರಿಂಟ್ ಸಿಕ್ಕಿತು. ನನಗೆ ಮುಖ ಎತ್ತಲಾಗಲಿಲ್ಲ.

ರಾತ್ರಿ ಹುಡುಕಿದಾಗ ಕಾರಣ ಸಿಕ್ಕಿತು. ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಬರುವ ಬೇರೆ ಪ್ರೋಗ್ರಾಂಗಳಿಗೆ ಗೂಗಲ್ 2022ರ ಮೇ 30ರಿಂದ ಬಾಗಿಲು ಮುಚ್ಚಿತ್ತು. ಈಗ ಬೇಕಾದ್ದು ಓಆಥ್2. ನಮ್ಮ ಹಾಸ್ಟೆಲ್ ಗೇಟ್ ಪಾಸ್ ಇದ್ದಂತೆ: ಪಾಸ್‌ವರ್ಡನ್ನು ಗೂಗಲ್‌ನ ಪುಟದಲ್ಲಷ್ಟೇ ಕೊಡುತ್ತೇವೆ, ಪ್ರೋಗ್ರಾಂಗೆ ಸಿಗುವುದು ಟೋಕನ್ ಎಂಬ ಚೀಟಿ. ಬೇಡವಾದಾಗ ಆ ಚೀಟಿಯೊಂದನ್ನೇ ರದ್ದು ಮಾಡಬಹುದು.

ಬೆಳಿಗ್ಗೆ ಉಳಿಸಿಟ್ಟಿದ್ದ ಪಾಸ್‌ವರ್ಡ್ ಅಳಿಸಿದೆ. ಅಕೌಂಟ್ ಸೆಟ್ಟಿಂಗ್ಸ್, ಸರ್ವರ್ ಸೆಟ್ಟಿಂಗ್ಸ್, ಅಲ್ಲಿ ಅಥೆಂಟಿಕೇಶನ್ ಮೆಥಡ್: 'ನಾರ್ಮಲ್ ಪಾಸ್‌ವರ್ಡ್' ಇದ್ದದ್ದನ್ನು 'ಓಆಥ್2' ಮಾಡಿದೆ. ಥಂಡರ್‌ಬರ್ಡ್ ಮುಚ್ಚಿ ತೆರೆದಾಗ ಗೂಗಲ್‌ನ ಪುಟ ಬಂತು. ಕಾಕಾನೇ ಲಾಗಿನ್ ಆಗಿ 'ಅಲೋ' ಒತ್ತಿದ. ಮೂರು ದಿನದ ಮೇಲ್ ದಬದಬ ಇಳಿದವು.

ಖುಷಿಯಲ್ಲಿ ಒಂದು ಮೇಲ್ ಕಳಿಸಹೋದರೆ ಮತ್ತೆ ಪಾಸ್‌ವರ್ಡ್ ಡಬ್ಬಿ! ಬರುವ ಮೇಲ್‌ಗೆ ಐಮ್ಯಾಪ್, ಹೋಗುವುದಕ್ಕೆ ಎಸ್‌ಎಂಟಿಪಿ. ಎರಡರ ಸೆಟ್ಟಿಂಗೂ ಬೇರೆ ಬೇರೆ. ನಾನು ಬದಲಿಸಿದ್ದು ಒಂದನ್ನೇ. ಔಟ್‌ಗೋಯಿಂಗ್ ಸರ್ವರ್‌ನಲ್ಲೂ ಓಆಥ್2 ಹಾಕಿದ ಮೇಲೆ ಡಬ್ಬಿ ಬರಲಿಲ್ಲ. ಓಆಥ್2 ತಿಳಿಯದ ಹಳೇ ಪ್ರೋಗ್ರಾಂ ಇದ್ದರೆ, ಟೂ-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತಗೋಬಹುದು.

"ತಪ್ಪಾಯ್ತು ಕಾಕಾ, ನಿನ್ ಪಾಸ್‌ವರ್ಡ್ ಬರೋಬರ್ ಇತ್ತು" ಅಂದೆ.

"ನಂಗ್ ಗೊತ್ತಿತ್ತು. ಆದ್ರ ಆ ಹುಡುಗಿ ಅಪ್ಪಗ ಗೊತ್ತಾಗ್ಲಿಲ್ಲಲ್ಲ."

ಮರುದಿನ ಆತ ಮತ್ತೆ ಅಂಗಡಿಗೆ ಬಂದಾಗ, ಕೇಳದೆಯೇ ಎಲ್ಲ ಹೇಳಿದೆ. ಕಾಕಾ ಚಹಾ ತರಿಸಿದ.