ರಾಗಿ ಉಂಡೆಗೆ ಮರುಳಾಗುತ್ತಿದ್ದ ಮೀನು

ಚನ್ನಪಟ್ಟಣದಿಂದ ವೀಕೆಂಡಿಗೆ ಎಲ್ಲಿಗೆ ಹೋಗೋದು ಅಂತಿದ್ದೀರಾ? ಸಾತನೂರು, ಹಲಗೂರು ದಾಟಿ ಮುತ್ತತ್ತಿ ಕಡೆ ಬೈಕ್ ತಿರುಗಿಸಿ. ಕಾಡೊಳಗೆ ಕಾವೇರಿ ಸಿಗ್ತಾಳೆ, ಅಲ್ಲೇ ದಡದಲ್ಲಿ ಭೀಮೇಶ್ವರಿ. ಒಂದು ಕಾಲಕ್ಕೆ ವಿದೇಶದಿಂದಲೂ ಜನ ಗಾಳ ಹಿಡಿದು ಇಲ್ಲಿಗೆ ಬರ್ತಿದ್ದರು, ಒಂದೇ ಒಂದು ಮೀನಿಗಾಗಿ. ಬೆನ್ನುಬ್ಬಿದ, ಕಿತ್ತಳೆ ರೆಕ್ಕೆಯ ಮಹಶೀರ್.

ಗಾಳಕ್ಕೆ ಏನು ಸಿಕ್ಕಿಸ್ತಿದ್ದರು ಗೊತ್ತಾ? ರಾಗಿ ಹಿಟ್ಟು ಕಲಸಿ ಬೇಯಿಸಿದ ಉಂಡೆ. ನಮ್ಮ ಮುದ್ದೆಯ ತಮ್ಮ ಅನ್ನಿ! ಕಚ್ಚಿದ ಮೀನು ಬಂಡೆಗಳ ನಡುವೆ ಓಟ ಕಿತ್ತರೆ ತೆಪ್ಪದಲ್ಲಿ ಬೆನ್ನಟ್ಟಬೇಕಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು, ಸುಮಾರು 54 ಕೆಜಿ.

ಮುಂದೆ ಕ್ಯಾಂಪುಗಳಲ್ಲಿ ಮೀನನ್ನು ತೂಗಿ, ಫೋಟೋ ತೆಗೆದು ನೀರಿಗೇ ಬಿಡುವ ಪದ್ಧತಿ ಬಂತು. ಕದ್ದು ಮೀನು ಹೊಡೀತಿದ್ದ ಊರವರಲ್ಲೇ ಕೆಲವರು ಗೈಡು, ಕಾವಲುಗಾರರಾದರು. ಆಮೇಲೆ ವನ್ಯಧಾಮದೊಳಗೆ ಗಾಳ ಹಾಕೋದೂ ಬೇಟೆಯೇ ಅಂತ ಅದೂ ನಿಂತಿತು. ಕಾನೂನು ಸರಿಯೇ ಇರಬಹುದು. ಗಾಳದ ಜೊತೆ ಕಾಯುವ ಕಣ್ಣುಗಳೂ ಹೋದವಲ್ಲ ಅನ್ನೋದು ನನ್ನ ಕೊರಗು.

ಇನ್ನೊಂದು ಪೆಟ್ಟು ಒಳ್ಳೇ ಮನಸ್ಸಿನಿಂದಲೇ ಬಿತ್ತು. ಮರಿ ಮಾಡಿಸಿ ಕಾವೇರಿಗೆ ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಿತು, ಕಿತ್ತಳೆಯದು ಅಪರೂಪವಾಯಿತು. ಇಷ್ಟು ಹೆಸರುವಾಸಿ ಮೀನು ಯಾವ ಜಾತಿ ಅಂತ ವಿಜ್ಞಾನಿಗಳು ಗೊತ್ತು ಮಾಡಿದ್ದೇ 2018ರಲ್ಲಿ: ಟಾರ್ ರೆಮದೇವಿ. ಅದೇ ವರ್ಷ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಈಗ ಹೋದರೆ ಗಾಳ ಹಾಕುವಂತಿಲ್ಲ, ತೆಪ್ಪ ಹತ್ತಬಹುದು. ಮುತ್ತತ್ತಿಯಲ್ಲಿ ಮಾತ್ರ ನೀರಿಗಿಳಿಯಬೇಡಿ, ಅಲ್ಲಿನ ಸುಳಿ ಈಜು ಬಲ್ಲವರನ್ನೂ ಬಿಟ್ಟಿಲ್ಲ.